ಘಟ್ಟದ ಮೇಲಿನವರು ಮರುವಾಯಿ ಹೆಕ್ಕಲು ಹೊರಟಾಗ

(ಮಡಿಕೇರಿಯಲ್ಲಿ ಒಂದು ಭಾನುವಾರ ಸಂಜೆ ಸೇರಿದ್ದ ಪರಿಸರಾಸಕ್ತರ ಮುಂದೆ, ಅಳಿವೆಯ ಮರಳಲ್ಲಿ ಸಿಗುವ ಮರುವಾಯಿ ಎಂಬ ಚಿಪ್ಪಿಯನ್ನು ಹೆಕ್ಕುವ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರಿಕೆಯಲ್ಲಿ ಸುರಿದ ಮಳೆ ಕಾವೇರಿಗೆ ಬರುವುದಿಲ್ಲ. ಭಾಗಮಂಡಲದಿಂದ ಒಂದು ಗುಡ್ಡಸಾಲು ದಾಟಿದರೆ ಸಾಕು, ತೋಡುಗಳೆಲ್ಲ ಪಡುವಣಕ್ಕೆ ಮುಖ ಮಾಡುತ್ತವೆ. ಸಂಪಾಜೆ ಕಡೆಯ ನೀರು ಪಯಸ್ವಿನಿಯಾಗಿ ಸುಳ್ಯ ದಾಟಿ, ಕಾಸರಗೋಡಿನ ಹತ್ತಿರ ಚಂದ್ರಗಿರಿ ಹೊಳೆ ಎನಿಸಿಕೊಂಡು ಕಡಲು ಸೇರುತ್ತದೆ. ಪುಷ್ಪಗಿರಿಯ ನೀರು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಮಂಗಳೂರಿಗೆ ಹೋಗುತ್ತದೆ. ಬ್ರಹ್ಮಗಿರಿ ಕಡೆಯ ಬರಪೊಳೆ ಕೇರಳಕ್ಕಿಳಿದು ವಳಪಟ್ಟಣಂ ಹೊಳೆಯೊಂದಿಗೆ ಕಣ್ಣೂರಿನ ಬಗಲಲ್ಲಿ ಸಮುದ್ರಕ್ಕೆ ಬೀಳುತ್ತದೆ. ನಮ್ಮದು ಕಾವೇರಿಯ ಜಿಲ್ಲೆ, ಸರಿಯೇ. ಆದರೆ ನಮ್ಮ ಮಳೆಯ ಒಂದು ಪಾಲು ಪ್ರತಿ ವರ್ಷ ಅರಬ್ಬಿ ಸಮುದ್ರದ ಪಾಲಾಗುತ್ತದೆ.

ಆ ಹೊಳೆಗಳು ಕಡಲು ಸೇರುವ ಅಳಿವೆಗಳಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಅಲ್ಲಿಯ ಮರಳು ಮಿಶ್ರಿತ ಕೆಸರೇ ಚಿಪ್ಪಿಗಳ ನೆಲೆ. ಮಂಗಳೂರಿನವರು ಮರುವಾಯಿ ಅನ್ನುತ್ತಾರೆ, ಉತ್ತರ ಕನ್ನಡದಲ್ಲಿ ಬಳಚು, ಕೊಂಕಣಿಯವರಲ್ಲಿ ತಿಸ್ರೆ, ಕಣ್ಣೂರಿನ ಕಡೆ ಎರುಂದು. ಇವುಗಳಲ್ಲಿ ಜಾತಿಗಳು ಹಲವು. ಬಂಡೆಗೆ ಅಂಟಿಕೊಂಡು ಬೆಳೆಯುವ ಪಚ್ಚಿಲೆ, ವಿರಾಜಪೇಟೆಯವರಿಗೆ ಚೆನ್ನಾಗಿ ಗೊತ್ತಿರುವ ಕಲ್ಲುಮ್ಮಕ್ಕಾಯಿ, ಬೇರೆಯೇ ಪ್ರಾಣಿ. ಇವತ್ತು ಮಾತಾಡುವುದು ಮರಳಲ್ಲಿ ಹುದುಗಿರುವವುಗಳ ಬಗ್ಗೆ.

ರಜೆಯಲ್ಲಿ ನಮ್ಮವರು ಕಡಲಿಗೆ ಹೋಗುವುದು ಈಗ ಸಾಮಾನ್ಯ. ಮಡಿಕೇರಿಯವರು ಸಂಪಾಜೆ ಘಾಟಿ ಇಳಿದು ಉಳ್ಳಾಲ, ಸೋಮೇಶ್ವರ, ಸಸಿಹಿತ್ಲು. ವಿರಾಜಪೇಟೆಯವರು ಮಾಕುಟ್ಟ ಇಳಿದು ಮುಳಪ್ಪಿಲಂಗಾಡಿ, ಧರ್ಮಡಂ. ಅಲ್ಲಿ ಊರಿನ ಹೆಂಗಸರು ಇಳಿತದ ಹೊತ್ತಿಗೆ ಮರಳು ಕೆದಕುವುದನ್ನು ಕಂಡು, ತಾವೂ ಒಂದು ಕೈ ನೋಡೋಣ ಅಂತ ಮಕ್ಕಳ ಜತೆ ಇಳಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಹಳ ಒಳ್ಳೆಯ ಹವ್ಯಾಸ ಅದು. ನಾನು ಹೇಳಬೇಕೆಂದಿರುವುದು ಇಷ್ಟು: ಇಳಿತವನ್ನು ತಿಳಿದುಕೊಂಡು ಹೋಗಿ, ಊರಿನವರನ್ನು ಕೇಳಿ ಹೆಕ್ಕಿ, ಒಂದು ಹೊತ್ತಿನ ಸಾರಿಗೆ ಆಗುವಷ್ಟು ಮಾತ್ರ ತನ್ನಿ. ಪ್ರತಿಯೊಂದಕ್ಕೂ ಕಾರಣ ಇದೆ.

ಮೊದಲು ಇಳಿತ. ಚಂದ್ರ, ಸೂರ್ಯ ಎರಡರ ಸೆಳೆತವೂ ಕಡಲಿನ ಮೇಲಿದೆ. ಚಂದ್ರ ಹತ್ತಿರ ಇರುವುದರಿಂದ ಅವನದೇ ಹೆಚ್ಚು. ನಮ್ಮ ಕರಾವಳಿಯಲ್ಲಿ ಸುಮಾರು 24 ಗಂಟೆ 50 ನಿಮಿಷದಲ್ಲಿ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಹಾಗಾಗಿ ಇವತ್ತು ಬೆಳಿಗ್ಗೆ 6ಕ್ಕೆ ಇಳಿತ ಇದ್ದರೆ ನಾಳೆ 7ರ ಹತ್ತಿರ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ಇರುತ್ತಾರೆ, ಎರಡು ಸೆಳೆತ ಕೂಡುತ್ತವೆ. ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಮಂಕು. ಮರುವಾಯಿಗೆ ಹೋಗುವವರು ನೋಡಬೇಕಾದ್ದು ಅಮಾವಾಸ್ಯೆ ಅಥವಾ ಹುಣ್ಣಿಮೆ, ಮತ್ತು ಅದರ ಮರುದಿನ, ಮೂರನೆಯ ದಿನ. ನೀರು ಅತಿ ಕೆಳಗೆ ಹೋಗುವುದು ತಿಥಿಯ ದಿನವೇ ಅಲ್ಲ, ಒಂದೆರಡು ದಿನ ತಡವಾಗಿ. ಇನ್ನೊಂದು ವಿಷಯ: ದಿನದ ಎರಡು ಇಳಿತಗಳು ಸಮ ಇರುವುದಿಲ್ಲ. ಒಂದರಲ್ಲಿ ನೀರು ಹೆಚ್ಚು ಕೆಳಗೆ ಹೋಗುತ್ತದೆ, ಇನ್ನೊಂದರಲ್ಲಿ ಕಡಿಮೆ. ಕ್ಯಾಲೆಂಡರ್ ನೋಡಿ ಹೊರಟರೂ ತಪ್ಪಾದ ಇಳಿತಕ್ಕೆ ಹೋದರೆ ಮರಳು ತೆರೆದುಕೊಂಡಿರುವುದಿಲ್ಲ.

ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಬಂದರುಗಳ ಉಬ್ಬರವಿಳಿತದ ಪಟ್ಟಿ ಪ್ರಕಟಿಸುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲಿನ ಮುನ್ಸೂಚನೆ, ಎತ್ತರದ ಅಲೆಗಳ ಎಚ್ಚರಿಕೆ ಎರಡನ್ನೂ ಕೊಡುತ್ತದೆ. ಪಟ್ಟಿಯಲ್ಲಿ ಗಂಟೆಯ ಎದುರು ಮೀಟರಿನಲ್ಲಿ ಎತ್ತರ ಬರೆದಿರುತ್ತದೆ. ಆ ಅಂಕಿ ಸಣ್ಣದಾದಷ್ಟೂ ಮರಳು ಹೆಚ್ಚು ತೆರೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ದೊಡ್ಡ ದಿನಗಳಲ್ಲೂ ಉಬ್ಬರಕ್ಕೂ ಇಳಿತಕ್ಕೂ ನಡುವೆ ಹೆಚ್ಚುಕಡಿಮೆ ಒಂದೂವರೆ ಮೀಟರ್ ವ್ಯತ್ಯಾಸ. ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ಅದು 10 ಮೀಟರ್ ಮೀರುತ್ತದೆ. ನಮ್ಮದು ಸಣ್ಣದು, ಅದಕ್ಕೇ ಸಿಗುವ ಸಮಯವೂ ಕಡಿಮೆ.

ಈಗ ಹೇಳುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನೀರು ಏರುವುದು ಒಂದೇ ವೇಗದಲ್ಲಿ ಅಲ್ಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಅಂತ ಇಟ್ಟುಕೊಂಡರೆ, ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಒಂದು. ಅಂದರೆ ಅರ್ಧ ನೀರು ನಡುವಿನ ಎರಡು ಗಂಟೆಗಳಲ್ಲೇ ಬಂದುಬಿಡುತ್ತದೆ. ಮೊದಲ ಒಂದು ಗಂಟೆ ಕಾಲಡಿಯಲ್ಲಿ ಏನೂ ಆಗದಂತೆ ಕಾಣುತ್ತದೆ, ಇನ್ನೂ ಸಮಯ ಇದೆ ಅನ್ನಿಸುತ್ತದೆ. ಅಳಿವೆಯಲ್ಲಿ ಇನ್ನೂ ಒಂದು ತೊಡಕು: ನೀವು ನಿಂತ ಮರಳದಿಣ್ಣೆ ಎತ್ತರದಲ್ಲಿರುತ್ತದೆ, ನಿಮಗೂ ದಡಕ್ಕೂ ನಡುವಿನ ಓಣಿ ತಗ್ಗಿನಲ್ಲಿರುತ್ತದೆ. ನೀರು ಮೊದಲು ತುಂಬುವುದು ನಿಮ್ಮ ಬೆನ್ನ ಹಿಂದೆ. ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ಚಿಪ್ಪಿ ಹೆಕ್ಕುತ್ತಿದ್ದ ಚೀನಾದ ಕೂಲಿಗಳು ಹೀಗೇ ಸಿಕ್ಕಿಬಿದ್ದು, ಕನಿಷ್ಠ 21 ಜನ ಮುಳುಗಿ ಸತ್ತರು. ಅಲ್ಲಿಯ ಉಬ್ಬರ ನಮ್ಮದಕ್ಕಿಂತ ಎಷ್ಟೋ ದೊಡ್ಡದು, ನಿಜ. ಆದರೆ ಎಂಟು ವರ್ಷದ ಮಗುವನ್ನು ತೇಲಿಸಿಕೊಂಡು ಹೋಗಲು ಒಂದೂವರೆ ಮೀಟರ್ ಧಾರಾಳ ಸಾಕು. ಇಳಿತಕ್ಕೆ ಎರಡು ಗಂಟೆ ಮುಂಚೆ ಇಳಿಯಿರಿ. ನೀರು ತಿರುಗಿದ್ದೇ ದಡಕ್ಕೆ ಬನ್ನಿ. ಬುಟ್ಟಿ ಅರ್ಧ ಖಾಲಿ ಇದ್ದರೂ ಬನ್ನಿ.

ಧರ್ಮಡಂ ದ್ವೀಪಕ್ಕೆ ಇಳಿತದಲ್ಲಿ ನಡೆದು ಹೋಗುವವರಿಗೂ ಇದೇ ಮಾತು. ಏಪ್ರಿಲ್ ಮೇ ತಿಂಗಳಲ್ಲಿ ಕೇರಳ ಕರಾವಳಿಗೆ ಕಳ್ಳಕ್ಕಡಲ್ ಬರುವುದುಂಟು. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುತ್ತವೆ. ಆಕಾಶ ತಿಳಿಯಾಗಿದೆ ಅಂತ ನಂಬಬೇಡಿ, ಹೊರಡುವ ಮುಂಚೆ ಎಚ್ಚರಿಕೆ ಇದೆಯೇ ನೋಡಿ.

ಇನ್ನು ಹೆಕ್ಕುವ ವಿಷಯ. ಉದ್ದದ ಗುದ್ದಲಿ ಹಾರೆ ಯಾವುದೂ ಬೇಡ. ನಮ್ಮ ಕರಾವಳಿಯ ಸಾಮಾನ್ಯ ಮರುವಾಯಿ ನಾಲ್ಕಾರು ಬೆರಳು ಆಳದಲ್ಲೇ ಇರುತ್ತದೆ, ಏಕೆಂದರೆ ಅದರ ಉಸಿರು ಕೊಳವೆಗಳು ಗಿಡ್ಡ. ಎರಡು ಕೊಳವೆ: ಒಂದರಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಹೊರಗೆ. ತೆರೆದ ಮರಳಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಸಣ್ಣ ತೂತು, ಅಥವಾ ಎರಡೂ ಕೂಡಿಕೊಂಡ ಒಂದು ಉದ್ದ ತೂತು ಕಂಡರೆ ಕೆಳಗೆ ಚಿಪ್ಪಿ ಇರುವ ಸಂಭವ ಇದೆ. ಸುತ್ತ ಮಣ್ಣಿನ ಗುಳಿಗೆಗಳು ರಾಶಿ ಬಿದ್ದಿದ್ದರೆ ಅದು ಏಡಿಯ ಬಿಲ. ಪಕ್ಕದಲ್ಲಿ ಕಾಲೂರಿದಾಗ ತೂತಿನಿಂದ ನೀರು ಚಿಮ್ಮಿದರೆ ಅನುಮಾನವೇ ಬೇಡ. ಮೊಣಕಾಲು ನೀರಿನಲ್ಲಾದರೆ ಕಣ್ಣಿನಿಂದ ಉಪಯೋಗವಿಲ್ಲ. ಅಂಗಾಲಿನಿಂದ ಮರಳನ್ನು ನಿಧಾನವಾಗಿ ತಿರುವುತ್ತ ಹೋಗಬೇಕು, ಗಟ್ಟಿ ಉರುಟು ಸಿಕ್ಕಿದಲ್ಲಿ ಬಗ್ಗಿ ಬೆರಳಿನಿಂದ ಎತ್ತಬೇಕು. ಕಾಲು ಎತ್ತಿ ಎತ್ತಿ ಇಡಬೇಡಿ, ಸರಿಸುತ್ತ ನಡೆಯಿರಿ. ಮರಳಲ್ಲಿ ತೊರಕೆ ಮೀನು ಮಲಗಿರುತ್ತದೆ. ಕಾಲು ತಾಗಿದರೆ ಅದು ತಾನಾಗಿ ಸರಿದು ಹೋಗುತ್ತದೆ, ಮೇಲೆ ತುಳಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ.

ಮಕ್ಕಳಿಗೆ ಒಂದು ಕೆಲಸ ಕೊಡಿ. ಸಿಕ್ಕಿದ ಒಂದು ಮರುವಾಯಿಯನ್ನು ನೀರು ತುಸು ನಿಂತ ಒದ್ದೆ ಮರಳಿನ ಮೇಲೆ ಮಲಗಿಸಿ, ಸದ್ದು ಮಾಡದೆ ಕೂರಲು ಹೇಳಿ. ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಎರಡು ಚಿಪ್ಪಿನ ನಡುವೆ ಒಂದು ಕೂದಲೆಳೆ ಸಂದು ಬಿಡುತ್ತದೆ. ಅಲ್ಲಿಂದ ಬಿಳಿಯ, ಚಪ್ಪಟೆಯಾದ ಒಂದು ಮಾಂಸದ ಪಾದ ಹೊರಬಂದು ಮರಳನ್ನು ತಡವುತ್ತದೆ, ತುದಿಯನ್ನು ಒಳಗೆ ತೂರಿಸುತ್ತದೆ. ಆ ತುದಿಗೆ ರಕ್ತ ತುಂಬಿ ಊದಿಕೊಂಡು ಮರಳಲ್ಲಿ ಹಿಡಿತ ಸಿಗುತ್ತದೆ. ತಕ್ಷಣ ಚಿಪ್ಪು ಗಪ್ಪನೆ ಮುಚ್ಚುತ್ತದೆ. ಒಳಗಿದ್ದ ನೀರು ಕೆಳಕ್ಕೆ ಚಿಮ್ಮಿ ಸುತ್ತಲಿನ ಮರಳು ಸಡಿಲವಾಗುತ್ತದೆ. ಆ ಸಡಿಲದಲ್ಲೇ ಪಾದವನ್ನು ಎಳೆದುಕೊಂಡು ಇಡೀ ಮರುವಾಯಿ ಓಲಾಡಿ ಎದ್ದು ನಿಂತು, ಒಂದು ಗೀರಿನಷ್ಟು ಕೆಳಗೆ ಹೋಗುತ್ತದೆ. ಮತ್ತೆ ಸಂದು, ಮತ್ತೆ ಪಾದ. ನಾಲ್ಕೈದು ಸಲ ಹೀಗಾಗುವಷ್ಟರಲ್ಲಿ ಮರಳಿನ ಮೇಲೆ ಗುರುತು ಬಿಟ್ಟರೆ ಏನೂ ಉಳಿದಿರುವುದಿಲ್ಲ. ಕಣ್ಣಿಲ್ಲದ, ತಲೆಯೇ ಇಲ್ಲದ ಪ್ರಾಣಿ ಇಷ್ಟು ಮಾಡುವುದನ್ನು ಒಮ್ಮೆ ನೋಡಿದ ಮಗು ಬುಟ್ಟಿಗಟ್ಟಲೆ ತುಂಬಿಸಿಕೊಳ್ಳೋಣ ಅನ್ನುವುದಿಲ್ಲ ಎಂಬುದು ನನ್ನ ನಂಬಿಕೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ರೇಜರ್ ಕ್ಲಾಮ್ ಅನ್ನುವ ಉದ್ದ ಚಿಪ್ಪಿನ ಜಾತಿಗೆ ಸಾವಿರಾರು ಜನ ರಜೆಯಲ್ಲಿ ಇಳಿಯುತ್ತಾರೆ. ಅಲ್ಲಿ ಇದು ಹವ್ಯಾಸವೇ, ಆದರೆ ಕಟ್ಟುನಿಟ್ಟಿನದು. ಸರಕಾರ ಇಳಿತ ನೋಡಿ ದಿನಾಂಕ ಗೊತ್ತು ಮಾಡುತ್ತದೆ, ಮಾಂಸದಲ್ಲಿ ವಿಷ ಇಲ್ಲ ಅಂತ ಪರೀಕ್ಷೆಯಾದ ಮೇಲೆಯೇ ತೀರ ತೆರೆಯುತ್ತದೆ. ಲೈಸೆನ್ಸ್ ಬೇಕು, ಪ್ರತಿಯೊಬ್ಬರದೂ ಬೇರೆ ಚೀಲ ಇರಬೇಕು, ದಿನಕ್ಕೆ ತಲಾ 15 ಎಂಬುದು ಬಹುಕಾಲದ ಮಿತಿ. ಅದರಲ್ಲೂ ಮೊದಲು ಸಿಕ್ಕಿದ 15ನ್ನೇ ಇಟ್ಟುಕೊಳ್ಳಬೇಕು. ಸಣ್ಣದು, ಒಡೆದದ್ದು ಅಂತ ಎಸೆದು ದೊಡ್ಡದನ್ನು ಹುಡುಕುವಂತಿಲ್ಲ. ಆ ಜಾತಿಯ ಚಿಪ್ಪು ತೆಳು, ಒಮ್ಮೆ ಕಿತ್ತದ್ದು ಮರಳಿ ಬದುಕುವುದು ಕಷ್ಟ. ನಮ್ಮ ಮರುವಾಯಿಯದು ದಪ್ಪ ಚಿಪ್ಪು. ಸಣ್ಣದನ್ನು ಘಾಸಿಯಾಗದಂತೆ ಮರಳಿಗೆ ಬಿಟ್ಟರೆ ಅದು ಬದುಕಿಕೊಳ್ಳುತ್ತದೆ. ಹಾಗಾಗಿ ನಮಗೆ ಬೇಕಾದ ನಿಯಮ ಬೇರೆ. ನಾನು ಹೇಳುವುದು, ಹತ್ತು ರೂಪಾಯಿ ನಾಣ್ಯವನ್ನು ಮೇಲಿಟ್ಟು ನೋಡಿ. ನಾಣ್ಯ 27 ಮಿಲಿಮೀಟರ್ ಅಗಲ. ಅದರಡಿ ಮರೆಯಾಗುವ ಮರುವಾಯಿಯನ್ನು ಅಲ್ಲೇ ಬಿಡಿ. ತೋಡಿದ ಗುಂಡಿಯನ್ನೂ ಮುಚ್ಚಿ. ತೆರೆದು ಬಿದ್ದ ಮರಿಗಳು ಬಿಸಿಲಿಗೆ, ಕಡಲಕಾಗೆಗೆ ಹೋಗುತ್ತವೆ.

ದೊಡ್ಡವುಗಳನ್ನೂ ಪೂರ್ತಿ ಬಾಚಬಾರದು ಅನ್ನುವುದಕ್ಕೆ ಕಾರಣ ಅವುಗಳ ಸಂತಾನಕ್ರಮದಲ್ಲಿದೆ. ಗಂಡು ಹೆಣ್ಣು ಎರಡೂ ಕೂತಲ್ಲೇ ನೀರಿಗೆ ವೀರ್ಯವನ್ನೂ ಮೊಟ್ಟೆಗಳನ್ನೂ ಬಿಡುತ್ತವೆ, ಫಲ ಕಟ್ಟುವುದು ನೀರಿನಲ್ಲೇ. ಒತ್ತಾಗಿದ್ದರೆ ಮಾತ್ರ ಒಂದಕ್ಕೊಂದು ಸೇರುತ್ತವೆ. ಅಲ್ಲಲ್ಲಿ ಒಂದೊಂದು ಉಳಿಸಿ ಬಂದೆ ಅಂದರೆ ಉಳಿಸಿದಂತಾಗಲಿಲ್ಲ. ಒಂದು ಜಾಗದಲ್ಲಿ ಹೆಕ್ಕಿ, ಪಕ್ಕದ ಒತ್ತಾದ ಜಾಗವನ್ನು ಮುಟ್ಟದೆ ಬಿಡುವುದು ಮೇಲು.

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಕಾಯಲಿನವರು ಇದನ್ನು ಕಷ್ಟಪಟ್ಟು ಕಲಿತರು. 1990ರ ದಶಕದ ಆರಂಭದಲ್ಲಿ ಅಲ್ಲಿ ಚಿಪ್ಪಿಯ ಇಳುವರಿ ಬಿದ್ದುಹೋಯಿತು. ಆಮೇಲೆ ಮರಿ ಕಟ್ಟುವ ಕಾಲಕ್ಕೆ, ಡಿಸೆಂಬರಿನಿಂದ ಫೆಬ್ರವರಿವರೆಗೆ, ಹೆಕ್ಕುವುದನ್ನೇ ನಿಲ್ಲಿಸುವ ಕಟ್ಟಳೆ ಬಂತು, ಬಲೆಯ ಕಣ್ಣಿನ ಅಳತೆಯೂ ನಿಗದಿಯಾಯಿತು. 2014ರಲ್ಲಿ ಆ ಮೀನುಗಾರಿಕೆಗೆ, ಕಡಲ ಸಂಪತ್ತು ಬರಿದಾಗದಂತೆ ಹಿಡಿಯುವವರನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಮಾನ್ಯತೆ ಸಿಕ್ಕಿತು, ಭಾರತದಲ್ಲಿ ಮೊದಲನೆಯದು. ನಮ್ಮ ಅಘನಾಶಿನಿ ಅಳಿವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಚಿಪ್ಪಿ ಹೆಕ್ಕಿ ಬದುಕುತ್ತಿದ್ದ ಕಾಲ ಇತ್ತು. ಕಳೆದ ದಶಕದಲ್ಲಿ ಅಲ್ಲಿ ಬಳಚು ತೀರ ಕಡಿಮೆಯಾಯಿತು. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಆ ಮಾನ್ಯತೆಯಿಂದ ಬಳಚು ಮರಳಿ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಇನ್ನು, ಮೊದಲು ಹೇಳಿದ ಮರಳು ಕೆದಕುವ ಹೆಂಗಸರ ಮಾತು. ಮೂಲ್ಕಿ ಅಳಿವೆಯಲ್ಲಿ ನಾನು ಕಂಡದ್ದು: ಸೊಂಟದವರೆಗೆ ನೀರಿನಲ್ಲಿ ಕೂತು ಕೆಲಸ ಮಾಡುವವರು, ಸೊಂಟಕ್ಕೆ ದಾರದಿಂದ ಕಟ್ಟಿದ ಅಲ್ಯುಮಿನಿಯಂ ಪಾತ್ರೆ ಪಕ್ಕದಲ್ಲಿ ತೇಲುತ್ತಿರುತ್ತದೆ. ಉಪ್ಪುನೀರಲ್ಲಿ ನೆನೆದು ಬೆರಳ ತುದಿಯ ಚರ್ಮ ಬಿಳಿಚಿ ಸುಕ್ಕಾಗಿ, ಚಿಪ್ಪಿನ ಅಂಚು ತಾಗಿದ ಗೀರುಗಳು ತುಂಬಿರುತ್ತವೆ. ಆ ಪಾತ್ರೆ ತುಂಬಿದರೆ ಅವತ್ತಿನ ಅಕ್ಕಿ ಸಾಮಾನಿನ ದುಡ್ಡು. ಅವರು ದಿನಾ ಹೆಕ್ಕುವ ಜಾಗಕ್ಕೆ ಹೇಳದೆ ಕೇಳದೆ ಇಳಿದು ಮೂರು ನಾಲ್ಕು ಕಾರಿನ ಜನ ಚೀಲ ತುಂಬಿಕೊಂಡು ಬರುವುದು, ನಮ್ಮ ತೋಟಕ್ಕೆ ಯಾರೋ ಬೇಲಿ ದಾಟಿ ಬಂದು ಕಾಳುಮೆಣಸು ಕೊಯ್ದುಕೊಂಡು ಹೋದ ಹಾಗೆ. ಬೇಲಿ ಕಾಣುವುದಿಲ್ಲ, ಅಷ್ಟೇ. ಮೊದಲು ಹೋಗಿ ಮಾತಾಡಿಸಿ. ಎಲ್ಲಿ ಇಳಿಯಬಹುದಕ್ಕಾ ಅಂತ ಕೇಳಿ. ನನಗೆ ಇದುವರೆಗೆ ಬೇಡ ಅಂದವರಿಲ್ಲ, ಎಲ್ಲಿ ಕೆಸರು ಹೂಳುತ್ತದೆ, ಎಲ್ಲಿ ಸೆಳೆತ ಇದೆ ಅಂತ ತೋರಿಸಿಕೊಟ್ಟವರೇ ಹೆಚ್ಚು. ಇನ್ನೂ ಬೇಕೆನ್ನಿಸಿದರೆ ಅವರ ಹತ್ತಿರವೇ ಕೊಂಡುಕೊಳ್ಳಿ, ಚೌಕಾಸಿ ಮಾಡಬೇಡಿ.

ವಿಷದ ವಿಚಾರವನ್ನು ನಾನು ಮೆಲ್ಲಗೆ ಹೇಳಿ ಮುಗಿಸುವುದಿಲ್ಲ. ಮರುವಾಯಿ ದಿನಕ್ಕೆ ಹತ್ತಾರು ಲೀಟರ್ ನೀರು ಸೋಸಿ ಅದರಲ್ಲಿರುವ ಸೂಕ್ಷ್ಮ ಪಾಚಿ ತಿನ್ನುತ್ತದೆ. ನೀರಿನಲ್ಲಿ ಚರಂಡಿಯ ರೋಗಾಣು ಇದ್ದರೆ ಅದೂ ಒಳಗೇ ಸೇರುತ್ತದೆ. ಪೇಟೆಯ ಮೋರಿ ಬೀಳುವ ಕಡೆ ಹೆಕ್ಕಬಾರದು. ಇದಕ್ಕಾದರೂ ಚೆನ್ನಾಗಿ ಬೇಯಿಸಿದರೆ ಬಹುಪಾಲು ಪರಿಹಾರ. ಕೆಲವು ಜಾತಿಯ ಪಾಚಿಗಳು ಹಠಾತ್ತನೆ ಹೆಚ್ಚಿದಾಗ ಅವುಗಳ ನರವಿಷ ಚಿಪ್ಪಿಯ ಮಾಂಸದಲ್ಲಿ ಕೂಡಿಕೊಳ್ಳುತ್ತದೆ, ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯಲ್ಲಿ ಚಿಪ್ಪಿ ತಿಂದವರು ಆಸ್ಪತ್ರೆ ಸೇರಿದರು, ಒಂದು ಸಾವೂ ಆಯಿತು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಇಂಥದೇ ಘಟನೆಯಲ್ಲಿ ಏಳು ಜನ ತೀರಿಕೊಂಡರು. ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆ ಜುಮುಗುಟ್ಟುತ್ತದೆ, ಬೆರಳು ಮರಗಟ್ಟುತ್ತದೆ, ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಪ್ರತಿವಿಷ ಇಲ್ಲ. ಸಮಯಕ್ಕೆ ಉಸಿರಾಟದ ಯಂತ್ರದ ಆಸರೆ ಸಿಕ್ಕಿದರೆ ಬದುಕುತ್ತಾರೆ. ಜುಮುಗುಟ್ಟಿದರೆ ಮನೆಮದ್ದಿಗೆ ಕೂರಬೇಡಿ. ಹೀಗೆ ಆಗುವುದು ಅಪರೂಪ. ಆದರೂ ನೀರಿನ ಬಣ್ಣ ಕೆಂಪು, ಕಂದು, ದಟ್ಟ ಹಸಿರಿಗೆ ತಿರುಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ, ಅಥವಾ ಊರಿನವರೇ ಅವತ್ತು ಹೆಕ್ಕುತ್ತಿಲ್ಲವಾದರೆ ಸುಮ್ಮನೆ ವಾಪಸ್ಸು ಬನ್ನಿ. ಬಣ್ಣ ಬದಲಾಗದೆಯೂ ವಿಷ ಇರಬಹುದು, ಅದಕ್ಕೇ ಊರಿನವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದು.

ಮಳೆಗಾಲದಲ್ಲಿ ಹೋಗುವುದೇ ಬೇಡ. ಕಡಲು ಅಪಾಯಕಾರಿ; ನಮ್ಮ ಘಟ್ಟದ ನೀರು ಇಳಿದು ಅಳಿವೆಯ ಉಪ್ಪು ಕಡಿಮೆಯಾಗಿ ಚಿಪ್ಪಿಗಳೂ ಬಾಯಿ ಮುಚ್ಚಿ ಕಷ್ಟದಲ್ಲಿರುತ್ತವೆ. ಕೆಸರು ಹೆಚ್ಚಾದರೆ ಅವುಗಳ ಕಿವಿರು ಕಟ್ಟಿಕೊಳ್ಳುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದಾಗ ಆ ಕೆಂಪು ಮಣ್ಣು ಪಯಸ್ವಿನಿಗೆ ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಗುಡ್ಡದ ಇಳಿಜಾರಿನಲ್ಲಿ ಜೆಸಿಬಿ ಇಳಿಸುವಾಗ ಕೆಳಗಿನ ಅಳಿವೆಯವರನ್ನೂ ನೆನೆಯಬೇಕು ಎಂದು ನಾನು ಈ ಊರಿನಲ್ಲಿ ನಿಂತು ಹೇಳಲೇಬೇಕು.

ಅಡಿಗೆಯ ಬಗ್ಗೆ ನಿಮಗೆ ಪಾಠ ಹೇಳುವ ಅಗತ್ಯ ಇಲ್ಲ. ತೆಂಗಿನಕಾಯಿ ಹಾಕಿದ ಸುಕ್ಕ, ಮರುವಾಯಿ ಪುಂಡಿ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಕಾಚಂಪುಳಿ ಹಾಕಿ ಮಾಡುತ್ತೇವೆ, ಕಡುಬಿಗೆ ಚೆನ್ನಾಗಿ ಹೊಂದುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು.

ಮಡಿಕೇರಿವರೆಗೆ ಜೀವಂತ ತರುವುದು ಹೇಗೆ ಅಂತ ಒಬ್ಬರು ಅಕ್ಕ ಕೇಳಿದರು. ನೀರು ತುಂಬಿದ ಬಕೆಟಿನಲ್ಲಿ ತರಬೇಡಿ, ಆ ನೀರಿನ ಗಾಳಿ ಬೇಗ ಮುಗಿದು ದಾರಿಯಲ್ಲೇ ಸಾಯುತ್ತವೆ. ನಲ್ಲಿ ನೀರಿಗಂತೂ ಹಾಕಲೇಬಾರದು. ಕಡಲ ನೀರಿನಲ್ಲಿ ಅದ್ದಿದ ಗೋಣಿಯಲ್ಲಿ ಸುತ್ತಿ ತಂಪಾದ ಕಡೆ ಇಡಿ. ಜತೆಗೆ ಎರಡು ಬಾಟಲಿ ಶುದ್ಧ ಕಡಲ ನೀರು ತನ್ನಿ; ಮನೆಗೆ ಬಂದು ಅಗಲ ಪಾತ್ರೆಯಲ್ಲಿ ಆ ನೀರು ಹಾಕಿ ಕೆಲವು ಗಂಟೆ ಬಿಟ್ಟರೆ ಒಳಗಿನ ಮರಳು ಉಗುಳುತ್ತವೆ. ಬೇಯಿಸುವ ಮುಂಚೆ ಬಾಯಿ ಬಿಟ್ಟಿರುವುದನ್ನು ಬೆರಳಿನಿಂದ ತಟ್ಟಿ. ಮುಚ್ಚಿಕೊಂಡರೆ ಬದುಕಿದೆ. ಮುಚ್ಚದಿದ್ದರೆ, ಒಡೆದಿದ್ದರೆ ಎಸೆಯಿರಿ.

ಉಳಿದ ಚಿಪ್ಪನ್ನು ಏನು ಮಾಡುವುದು ಅಂತ ಇನ್ನೊಬ್ಬರು. ಅದು ಸುಣ್ಣದ ಕಲ್ಲಿನ ಪದಾರ್ಥವೇ, ಸುಟ್ಟರೆ ಸುಣ್ಣ. ಎಲೆ ಅಡಿಕೆಗೆ ಹಚ್ಚುವ ಸುಣ್ಣ, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ ಚಿಪ್ಪಿನಿಂದಲೂ ಬರುತ್ತದೆ. ಮನೆಯ ಒಂದು ಪಾತ್ರೆ ಚಿಪ್ಪನ್ನು ಸುಡಲು ಹೋಗಬೇಡಿ, ಕುಟ್ಟಿ ಹಿತ್ತಲಿನ ಹುಳಿ ಮಣ್ಣಿಗೆ ಹಾಕಿ.

ಕುಶಾಲನಗರದಿಂದ ಬಂದಿದ್ದ ಹುಡುಗನೊಬ್ಬ, ಕಾವೇರಿಯಲ್ಲೂ ದೊಡ್ಡ ದೊಡ್ಡ ಚಿಪ್ಪಿ ಸಿಗುತ್ತದಲ್ಲ ಸಾರ್, ಅದನ್ನೇ ಹೆಕ್ಕಬಹುದಾ ಅಂದ. ಅವತ್ತಿನ ಅತ್ಯುತ್ತಮ ಪ್ರಶ್ನೆ ಅದು. ಹೊಳೆಯ ಆ ಚಿಪ್ಪಿ ಬೇರೆ ವಂಶದ್ದು. ತಾಯಿ ಮರಿಗಳನ್ನು ತನ್ನ ಕಿವಿರಿನಲ್ಲೇ ಇಟ್ಟುಕೊಂಡು ಬೆಳೆಸಿ ಹೊರಗೆ ಬಿಡುತ್ತದೆ. ಆ ಮರಿಗಳು ಹತ್ತಿರ ಸುಳಿಯುವ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರ ಅಲ್ಲೇ ಇದ್ದು, ಆಮೇಲೆ ಉದುರಿ ತಳದ ಮಣ್ಣು ಸೇರಿಕೊಳ್ಳುತ್ತವೆ. ಮೀನು ಇಲ್ಲದಿದ್ದರೆ ಚಿಪ್ಪಿ ಇಲ್ಲ. ಮರಳು ತೆಗೆದ ಕಡೆ ಮೊದಲೇ ಹೊಡೆತ ಬಿದ್ದಿರುತ್ತದೆ. ಅಲ್ಲಿ ಉಬ್ಬರ ಇಳಿತ ಇಲ್ಲದ್ದರಿಂದ ಕೈಗೆ ಸಿಕ್ಕದ ಹೊತ್ತು ಅಂತಲೂ ಇಲ್ಲ, ಬೇಸಿಗೆಯಲ್ಲಿ ನೀರು ಬತ್ತಿತೆಂದರೆ ಇಡೀ ಗುಂಪನ್ನು ಒಂದೇ ದಿನ ಬಾಚಿಬಿಡಬಹುದು. ನಮ್ಮ ಹೊಳೆಯದನ್ನು ನೋಡು, ಎಣಿಸು, ಫೋಟೋ ತೆಗೆ, ಎತ್ತಿದರೆ ಇದ್ದ ದಿಕ್ಕಿನಲ್ಲೇ ಮತ್ತೆ ಊರಿಬಿಡು ಅಂದೆ. ಬೇಸಿಗೆ ರಜೆಯಲ್ಲಿ ಕುಶಾಲನಗರದ ಕೆಳಗಿನ ಮಡುಗಳಲ್ಲಿ ಎಲ್ಲೆಲ್ಲಿ ಚಿಪ್ಪಿ ಇದೆ ಅಂತ ಗುರುತು ಹಾಕುವ ಕೆಲಸಕ್ಕೆ ಅವನೂ ಅವನ ಇಬ್ಬರು ಗೆಳೆಯರೂ ಹೆಸರು ಕೊಟ್ಟಿದ್ದಾರೆ. ಬರಲು ಇಷ್ಟ ಇರುವ ಬೇರೆಯವರೂ ಸೇರಿಕೊಳ್ಳಬಹುದು. ಈಜು ಬರುವ ಒಬ್ಬ ದೊಡ್ಡವರು ಪ್ರತಿ ಗುಂಪಿನ ಜತೆ ಇರಲೇಬೇಕು.